ಕೇಳುವವರು ಬೇಕಾಗಿದ್ದಾರೆ

ಹತ್ತನೆಯ ತರಗತಿಯ ಮತ್ತು ದ್ವಿತೀಯ ಪಿಯುಸಿಯ ಫಲಿತಾಂಶಗಳು ಹೊರಬೀಳುವ ಬೇಸಿಗೆಯ ದಿನಗಳಲ್ಲಿ ನಮ್ಮ ನಾಡಿನ ಮನೆಮನೆಗಳಲ್ಲಿಯೂ ಒಂದೇ ಪ್ರಶ್ನೆ ಸುಳಿದಾಡುತ್ತದೆ: ‘ಮುಂದೇನು?’ ಈ ಪ್ರಶ್ನೆಯನ್ನು ನೆರೆಮನೆಯವರು ಕೇಳುತ್ತಾರೆ, ಬೀಗರು ಕೇಳುತ್ತಾರೆ, ಜಾತ್ರೆಯಲ್ಲಿ ಎದುರಾದ ದೂರದ ಸಂಬಂಧಿಕರೂ ಕೇಳುತ್ತಾರೆ. ಉತ್ತರವನ್ನು ತಂದೆ ಹೇಳುತ್ತಾನೆ, ತಾಯಿ ಹೇಳುತ್ತಾಳೆ, ಅಣ್ಣನಾದವನು ಹೇಳುತ್ತಾನೆ. ಯಾರ ಬದುಕಿನ ಕುರಿತು ಈ ಮಾತುಕತೆ ನಡೆದಿದೆಯೋ ಆ ಹುಡುಗನೋ ಹುಡುಗಿಯೋ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಆಲಿಸುತ್ತಿರುತ್ತಾರೆ. ಅವರನ್ನು ಕೇಳುವ ಸರದಿ ಕಟ್ಟಕಡೆಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಬರುವುದೇ ಇಲ್ಲ.

ಈ ಬರಿದಾದ ಜಾಗಕ್ಕೆ ಈಗ ಹೊಸ ವೃತ್ತಿಯೊಂದು ಬಂದು ನಿಂತಿದೆ. ‘ಲೈಫ್ ಕೋಚ್’ ಎಂದು ಅದರ ಹೆಸರು. ಕನ್ನಡದಲ್ಲಿ ಕೆಲವರು ‘ಬದುಕಿನ ತರಬೇತುದಾರ’ ಎನ್ನುತ್ತಾರೆ, ಕೆಲವರು ‘ಜೀವನ ಮಾರ್ಗದರ್ಶಕ’ ಎನ್ನುತ್ತಾರೆ. ಹದಿಹರೆಯದವರಿಗೂ ಇಪ್ಪತ್ತರ ಆಸುಪಾಸಿನ ತರುಣ ತರುಣಿಯರಿಗೂ ಆತ್ಮವಿಶ್ವಾಸ, ಗುರಿಯ ಆಯ್ಕೆ, ಸಮಯದ ನಿರ್ವಹಣೆ, ಸಂಬಂಧಗಳ ನಿಭಾವಣೆ ಮೊದಲಾದ ವಿಷಯಗಳಲ್ಲಿ ಶುಲ್ಕ ಪಡೆದು ನೆರವಾಗುವುದು ಅವರ ಕೆಲಸ. ಬೆಂಗಳೂರಿನಂಥ ಮಹಾನಗರಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಹೆಸರು ಇಂದು ಜಿಲ್ಲಾ ಕೇಂದ್ರಗಳ ಭಿತ್ತಿಪತ್ರಗಳಲ್ಲಿಯೂ ಮೊಬೈಲಿನ ಪರದೆಯ ಮೇಲೆಯೂ ಕಾಣುತ್ತಿದೆ. ಅನೇಕ ಸದ್ಭಕ್ತರು ತಮ್ಮ ಮಕ್ಕಳನ್ನು ಇಂಥವರ ಬಳಿಗೆ ಕಳುಹಿಸಬೇಕೋ ಬೇಡವೋ ಎಂಬ ಗೊಂದಲದಲ್ಲಿದ್ದಾರೆ. ಆದುದರಿಂದ ಈ ವಿಷಯವನ್ನು ಶರಣರ ಅನುಭಾವದ ಬೆಳಕಿನಲ್ಲಿ ಸ್ವಲ್ಪ ವಿವೇಚಿಸುವುದು ಉಚಿತವೆನಿಸುತ್ತದೆ.

ಮೊದಲು ಈ ಮಾತಿನ ಮೂಲವನ್ನು ನೋಡೋಣ. ‘ಕೋಚ್’ ಎಂದರೆ ಮೂಲತಃ ಬಂಡಿ. ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗಳಿಂದ ಆ ಪದ ಯುರೋಪಿನ ಭಾಷೆಗಳಿಗೆ ಹರಡಿತು. 19ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯೆಂಬ ಹೊಳೆ ದಾಟಿಸುವ ಖಾಸಗಿ ಪಾಠದವರನ್ನು ತಮಾಷೆಗಾಗಿ ‘ಬಂಡಿ’ ಎಂದು ಕರೆಯತೊಡಗಿದರು. ಅಲ್ಲಿಂದ ಅದು ಆಟದ ಮೈದಾನಕ್ಕೆ ಹೋಯಿತು. 1974ರಲ್ಲಿ ಅಮೆರಿಕದ ತಿಮೋತಿ ಗಾಲ್ವೇ ಎಂಬ ಟೆನಿಸ್ ಶಿಕ್ಷಕರು ಬರೆದ ಪುಸ್ತಕವೊಂದು ಈ ಕ್ಷೇತ್ರಕ್ಕೆ ಹೊಸ ತಿರುವು ಕೊಟ್ಟಿತು. ಆಟಗಾರನಿಗೆ ಎದುರಾಳಿಗಿಂತ ದೊಡ್ಡ ಅಡ್ಡಿ ಅವನ ಮನಸ್ಸಿನೊಳಗೇ ಇರುತ್ತದೆ, ಆದ್ದರಿಂದ ಶಿಕ್ಷಕನು ಸೂಚನೆಗಳನ್ನು ಕಡಿಮೆ ಮಾಡಿ ಆಟಗಾರನ ಗಮನವನ್ನು ಎಚ್ಚರಿಸಬೇಕು ಎಂಬುದು ಅವರ ಪ್ರತಿಪಾದನೆ. 1992ರಲ್ಲಿ ಇಂಗ್ಲೆಂಡಿನ ಜಾನ್ ವಿಟ್ಮೋರ್ ಈ ವಿಚಾರವನ್ನು ಉದ್ಯೋಗ ಕ್ಷೇತ್ರಕ್ಕೆ ಅಳವಡಿಸಿ ನಾಲ್ಕು ಮೆಟ್ಟಿಲುಗಳ ಕ್ರಮವನ್ನು ಪ್ರಚಾರಕ್ಕೆ ತಂದರು: ನಿನ್ನ ಗುರಿ ಯಾವುದು, ಈಗಿನ ವಾಸ್ತವವೇನು, ನಿನ್ನ ಮುಂದೆ ಯಾವ ಯಾವ ದಾರಿಗಳಿವೆ, ಅವುಗಳಲ್ಲಿ ಯಾವುದನ್ನು ಮಾಡಲು ನೀನು ಸಂಕಲ್ಪಿಸುವೆ. ಅದೇ ವರ್ಷ ಅಮೆರಿಕದಲ್ಲಿ ಹಣಕಾಸಿನ ಸಲಹೆಗಾರರಾಗಿದ್ದ ಥಾಮಸ್ ಲಿಯೊನಾರ್ಡ್ ಎಂಬುವರು ಇಂಥ ತರಬೇತುದಾರರಿಗಾಗಿಯೇ ಶಾಲೆಯೊಂದನ್ನು ಆರಂಭಿಸಿದರು. 1995ರಲ್ಲಿ ಅವರಿಂದಲೇ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವೂ ಸ್ಥಾಪಿತವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮಲ್ಲಿ ‘ಕೋಚಿಂಗ್’ ಎಂದೊಡನೆ ನೆನಪಾಗುವುದು ಸಿಇಟಿ, ನೀಟ್ ಪರೀಕ್ಷೆಗಳ ತರಬೇತಿ ಕೇಂದ್ರಗಳು. ಅಲ್ಲಿ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ, ಅದನ್ನು ವಿದ್ಯಾರ್ಥಿಯ ತಲೆಗೆ ಇಳಿಸುವುದು ಕೆಲಸ. ಬದುಕಿನ ತರಬೇತಿಯ ಮೂಲಕಲ್ಪನೆ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಉತ್ತರವು ತರಬೇತುದಾರನ ಜೋಳಿಗೆಯಲ್ಲಿಲ್ಲ. ಅವನು ಪ್ರಶ್ನೆ ಹಾಕುತ್ತಾನೆ, ಮೌನವಾಗಿ ಆಲಿಸುತ್ತಾನೆ, ಮತ್ತೆ ಪ್ರಶ್ನೆ ಹಾಕುತ್ತಾನೆ. ಎದುರಿಗಿರುವವನು ತನ್ನ ಉತ್ತರವನ್ನು ತಾನೇ ಕಂಡುಕೊಳ್ಳುತ್ತಾನೆ.

ನಮ್ಮ ಕನ್ನಡ ನುಡಿಯಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯ್ದೆರೆದು ಪ್ರಶ್ನಿಸುವುದೂ ಕೇಳುವುದೇ. ನಮ್ಮ ಹಿರಿಯರು ಈ ಎರಡನ್ನೂ ಒಂದೇ ಮಾತಿನಲ್ಲಿ ಇರಿಸಿದರು. ಆಲಿಸುವ ಮನಸ್ಸಿಲ್ಲದವನು ಹಾಕುವ ಪ್ರಶ್ನೆ ಪೊಲೀಸರ ವಿಚಾರಣೆಯಂತಾಗುತ್ತದೆ. ಪ್ರಶ್ನೆಯೇ ಇಲ್ಲದ ಆಲಿಕೆ ಬರಿಯ ಸಂತಾಪವಾಗುತ್ತದೆ. ಎರಡೂ ಕೂಡಿದಾಗ ಮಾತ್ರ ಎಳೆಯ ಮನಸ್ಸು ತನ್ನನ್ನು ತಾನು ಕಾಣಲು ಸಾಧ್ಯ. ಒಳ್ಳೆಯ ತರಬೇತುದಾರನ ಸಮಸ್ತ ವಿದ್ಯೆಯೂ ಈ ಒಂದು ಕ್ರಿಯಾಪದದಲ್ಲಿ ಅಡಗಿದೆ.

ಹಾಗಿದ್ದಲ್ಲಿ ಈ ವೃತ್ತಿ ಶರಣತತ್ತ್ವಕ್ಕೆ ಹೊರತಾದುದೇನಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದರೂಪದ ಗ್ರಂಥ. ಅದರಲ್ಲಿ ಅಲ್ಲಮಪ್ರಭುದೇವರು ನಾಡನ್ನು ಸುತ್ತುತ್ತ ಒಬ್ಬೊಬ್ಬರನ್ನು ಒಂದೊಂದು ನೆಲೆಯಲ್ಲಿ ಸಂಧಿಸುತ್ತಾರೆ. ತೋಟ ಮಾಡುವ ಗೊಗ್ಗಯ್ಯನೊಡನೆ ತೋಟದ ಮಾತಿನಿಂದಲೇ ಆರಂಭಿಸುತ್ತಾರೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿರುವ ಮುಕ್ತಾಯಕ್ಕನೊಡನೆ ಆ ದುಃಖವನ್ನೇ ಹಿಡಿದು ಮಾತಾಡುತ್ತಾರೆ. ಸೊನ್ನಲಿಗೆಯಲ್ಲಿ ಕೆರೆ ದೇಗುಲಗಳನ್ನು ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಆ ಕಟ್ಟುವ ಹಂಬಲದ ಬಗ್ಗೆಯೇ ಕೆಣಕುತ್ತಾರೆ. ಕಲ್ಯಾಣದ ಅನುಭವ ಮಂಟಪಕ್ಕೆ ಬಂದ ತರುಣಿ ಅಕ್ಕಮಹಾದೇವಿಗೆ ಕಠಿಣವಾದ ಪ್ರಶ್ನೆಗಳನ್ನು ಹಾಕುತ್ತಾರೆ, ಆಕೆಯ ಪ್ರತಿಯೊಂದು ಉತ್ತರವನ್ನೂ ಪೂರ್ಣವಾಗಿ ಆಲಿಸುತ್ತಾರೆ, ಕೊನೆಗೆ ಆಕೆಯ ಹಿರಿಮೆಯನ್ನು ಮನಸಾರೆ ಒಪ್ಪುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಅಲ್ಲಿರಲಿಲ್ಲ. ಯಾರ ಬದುಕು ಎಲ್ಲಿತ್ತೋ ಪ್ರಶ್ನೆಯೂ ಅಲ್ಲಿಯೇ ಹುಟ್ಟಿತು.

ಇಂದು ಕಲ್ಯಾಣಮಂಟಪವೊಂದರಲ್ಲಿ ಮುನ್ನೂರು ವಿದ್ಯಾರ್ಥಿಗಳನ್ನು ಕುಳ್ಳಿರಿಸಿ, ಧ್ವನಿವರ್ಧಕದಲ್ಲಿ ‘ನೀನು ಗೆಲ್ಲಬಲ್ಲೆ’ ಎಂದು ಮೂರು ಗಂಟೆಗಳ ಕಾಲ ಘೋಷಿಸಿ, ಕೊನೆಯಲ್ಲಿ ಚಪ್ಪಾಳೆ ತಟ್ಟಿಸುವವರೂ ತಮ್ಮನ್ನು ಇದೇ ಹೆಸರಿನಿಂದ ಕರೆದುಕೊಳ್ಳುತ್ತಾರೆ. ಆ ಉತ್ಸಾಹವು ಊರಿಗೆ ಮರಳುವ ಬಸ್ಸು ಹತ್ತುವವರೆಗೆ ಇರುತ್ತದೆ. ಮರುದಿನ ಬೆಳಿಗ್ಗೆ ಹುಡುಗನು ಅದೇ ಮನೆಯಲ್ಲಿ, ಅದೇ ಅಂಕಪಟ್ಟಿಯೊಡನೆ, ಅದೇ ಅಂಜಿಕೆಯೊಡನೆ ಎದ್ದೇಳುತ್ತಾನೆ. ಮೇಲಾಗಿ, ‘ಎಲ್ಲರೂ ಗೆಲ್ಲಬಲ್ಲರು ಎಂದರಲ್ಲ, ನನಗೇಕೆ ಆಗುತ್ತಿಲ್ಲ?’ ಎಂಬ ಹೊಸ ಕೊರಗೂ ಸೇರಿಕೊಳ್ಳುತ್ತದೆ. ಭಾಷಣವು ಭಾಷಣವಾಗಿ ಒಳ್ಳೆಯದೇ ಇರಬಹುದು. ಆದರೆ ಕೇಳುವ ಕೆಲಸ ಅಲ್ಲಿ ನಡೆಯಲಿಲ್ಲ ಎಂಬುದನ್ನು ಮರೆಯಬಾರದು.

ಒಬ್ಬೊಬ್ಬರನ್ನೇ ಕೂಡಿಸಿ ಮಾತಾಡಿಸುವ ತರಬೇತುದಾರರಲ್ಲಿಯೂ ಒಂದು ಸೂಕ್ಷ್ಮವಾದ ತೊಡಕಿದೆ. ನಮ್ಮ ಅಭಿಪ್ರಾಯದಲ್ಲಿ ಹದಿಹರೆಯದವರ ಮಟ್ಟಿಗೆ ಈ ವೃತ್ತಿಯ ಸತ್ವಪರೀಕ್ಷೆ ನಡೆಯುವುದು ಇಲ್ಲಿಯೇ. ವಯಸ್ಕನೊಬ್ಬನು ತರಬೇತುದಾರನ ಬಳಿಗೆ ಹೋದಾಗ ಹಣ ಕೊಡುವವನೂ ಅವನೇ, ಗುರಿ ನಿರ್ಧರಿಸುವವನೂ ಅವನೇ. ಹದಿನೇಳರ ಹುಡುಗನ ವಿಷಯದಲ್ಲಿ ಹಾಗಲ್ಲ. ಹಣ ಕೊಡುವವನು ತಂದೆ, ಬದುಕಬೇಕಾದವನು ಮಗ. ಆಗ ಗುರಿ ಯಾರದು?

ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ತಾಲ್ಲೂಕು ಕೇಂದ್ರದಲ್ಲಿ ಬೀಜ ಗೊಬ್ಬರದ ಅಂಗಡಿ. ಮಗ ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿ ಎರಡು ಬಾರಿ ನೀಟ್ ಬರೆದಿದ್ದಾನೆ, ಸೀಟು ದೊರೆತಿಲ್ಲ. ಹೊತ್ತು ಸಿಕ್ಕಾಗಲೆಲ್ಲ ಅವನು ಪಂಪ್‌ಸೆಟ್ ಮೋಟರುಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಕುಳಿತಿರುತ್ತಾನೆ. ತಂದೆ ಅವನನ್ನು ತರಬೇತುದಾರರ ಬಳಿಗೆ ಕರೆತಂದು, ‘ಸರ್, ಇವನಿಗೆ ಗುರಿಯೇ ಇಲ್ಲ. ಮೂರನೆಯ ಸಲ ಬರೆಯುವಂತೆ ನೀವೇ ಮನಸ್ಸು ತಿರುಗಿಸಬೇಕು’ ಎನ್ನುತ್ತಾನೆ. ವಿಟ್ಮೋರ್ ಹೇಳಿದ ನಾಲ್ಕು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ತಂದೆ ಆಗಲೇ ಕಟ್ಟಿ ಮುಗಿಸಿದ್ದಾನೆ. ಉಳಿದ ಮೂರನ್ನು ಹುಡುಗನು ಏರಿದರೆ ಸಾಕು! ಇಲ್ಲಿ ತರಬೇತುದಾರನು ಒಪ್ಪಿಕೊಂಡರೆ ಅವನು ಕೇಳುವವನಾಗಿ ಉಳಿಯುವುದಿಲ್ಲ, ತಂದೆಯ ಮಾತನ್ನು ಇನ್ನಷ್ಟು ನಯವಾಗಿ ಹೇಳುವ ಪರಿಚಾರಕನಾಗುತ್ತಾನೆ. ಹುಡುಗನಿಗೂ ಅದು ಮೊದಲ ದಿನವೇ ತಿಳಿದುಹೋಗುತ್ತದೆ. ಆಮೇಲೆ ಅವನು ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾನೆ, ಒಳಗಿನದನ್ನು ಹೇಳುವುದಿಲ್ಲ.

ನಿಜವಾದ ತರಬೇತುದಾರನು ಆ ತಂದೆಗೆ ವಿನಯದಿಂದ ಹೇಳಬೇಕಾದ ಮಾತು ಬೇರೆ: ‘ಯಜಮಾನರೇ, ನಿಮ್ಮ ಮಗನ ಜೊತೆ ನಾನು ಮಾತಾಡುತ್ತೇನೆ. ಅವನು ಏನನ್ನು ಆರಿಸಿಕೊಳ್ಳುತ್ತಾನೆ ಎಂಬುದಕ್ಕೆ ನಾನು ಜಾಮೀನು ಕೊಡಲಾರೆ. ಅವನು ನನಗೆ ಹೇಳಿದ್ದನ್ನು ನಿಮಗೆ ಬಂದು ಒಪ್ಪಿಸಲಾರೆ. ಅವನ ಜೀವಕ್ಕೆ ಅಪಾಯವೆನ್ನಿಸಿದರೆ ಮಾತ್ರ ತಡಮಾಡದೆ ತಿಳಿಸುತ್ತೇನೆ.’ ಇದು ನಮ್ಮ ಕಲ್ಪನೆಯ ಆದರ್ಶವಷ್ಟೇ ಅಲ್ಲ. ಮೇಲೆ ಹೇಳಿದ ಅಂತರರಾಷ್ಟ್ರೀಯ ಒಕ್ಕೂಟದ ನೀತಿಸಂಹಿತೆಯೇ ಹಣ ಕೊಡುವ ಪ್ರಾಯೋಜಕನನ್ನೂ ಮಾರ್ಗದರ್ಶನ ಪಡೆಯುವವನನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಯಾವ ಮಾಹಿತಿ ಯಾರಿಗೆ ತಲುಪಬೇಕೆಂಬುದನ್ನು ಆರಂಭದಲ್ಲಿಯೇ ಎಲ್ಲರೂ ಕೂಡಿ ನಿಶ್ಚಯಿಸಿಕೊಳ್ಳಬೇಕೆಂದು ವಿಧಿಸುತ್ತದೆ.

ಬಾಗೇವಾಡಿಯ ಬಾಲಕ ಬಸವಣ್ಣನವರ ಕಥೆಯನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೇಕೆ ಎಂದು ಆ ಎಳೆಯನು ಪ್ರಶ್ನಿಸಿದನೆಂದೂ, ಅದನ್ನೊಲ್ಲದೆ ಮನೆ ಬಿಟ್ಟು ಕೂಡಲಸಂಗಮಕ್ಕೆ ತೆರಳಿದನೆಂದೂ ನಮ್ಮ ಪರಂಪರೆ ಹೇಳುತ್ತದೆ. ಅಂದಿನ ಅಗ್ರಹಾರದಲ್ಲಿ ಇಂದಿನ ಮಾದರಿಯ ತರಬೇತುದಾರರು ಇದ್ದಿದ್ದರೆ ಹಿರಿಯರು ಆ ಬಾಲಕನನ್ನು ಅವರ ಬಳಿಗೆ ಕರೆದೊಯ್ದು ‘ಹಟಮಾರಿ ಹುಡುಗ, ಸ್ವಲ್ಪ ಸರಿಮಾಡಿ’ ಎನ್ನುತ್ತಿರಲಿಲ್ಲವೇ? ಆ ತರಬೇತಿ ಫಲಿಸಿದ್ದರೆ ಈ ನಾಡು ಏನನ್ನು ಕಳೆದುಕೊಳ್ಳುತ್ತಿತ್ತು ಎಂಬುದನ್ನು ಸದ್ಭಕ್ತರು ತಾವೇ ಚಿಂತಿಸಬಹುದು. ಪ್ರತಿಯೊಬ್ಬ ಹಟಮಾರಿಯೂ ಬಸವಣ್ಣನಾಗುವುದಿಲ್ಲ, ನಿಜ. ಆದರೆ ಮಗುವಿನ ‘ಒಲ್ಲೆ’ ಎಂಬ ಮಾತಿನ ಹಿಂದೆ ಕಾರಣವೊಂದು ಇರಬಹುದೆಂದು ತಿಳಿದು ಅದನ್ನು ಕೇಳುವಷ್ಟು ತಾಳ್ಮೆ ಎಲ್ಲ ಮನೆಗಳಲ್ಲಿಯೂ ಇರಬೇಕು.

‘ನಮಗೆ ಗುರುಗಳಿದ್ದಾರೆ, ಮನೆಯಲ್ಲಿ ಹಿರಿಯರಿದ್ದಾರೆ. ಕೂಲಿ ಪಡೆಯುವ ಈ ಹೊಸಬರು ನಮ್ಮ ಮಕ್ಕಳಿಗೆ ಏಕೆ ಬೇಕು?’ ಎಂದು ಕೆಲವರು ಕೇಳುವರು. ಈ ಆಕ್ಷೇಪಣೆಯಲ್ಲಿ ತಥ್ಯವಿದೆ, ಆದರೆ ಪೂರ್ಣ ತಥ್ಯವಿಲ್ಲ. ಹಿರಿಯರಿಗೆ ಪ್ರೀತಿಯಿದೆ, ಅನುಭವವಿದೆ. ಅದರ ಜೊತೆಗೆ ಮಗುವಿನ ಆಯ್ಕೆಯಲ್ಲಿ ಅವರಿಗೆ ಸ್ವಂತದ ಲಾಭನಷ್ಟವೂ ಇದೆ. ಮಗ ಡಾಕ್ಟರಾದರೆ ತಂದೆಯ ಮೀಸೆ ತಿರುವುತ್ತದೆ, ಮಗಳು ದೂರದ ಊರಿನಲ್ಲಿ ಓದಲು ಬಯಸಿದರೆ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಈ ನಂಟಿಲ್ಲದ ಮೂರನೆಯ ವ್ಯಕ್ತಿಯ ಮುಂದೆ ಮಕ್ಕಳು ಬಾಯಿ ಬಿಡುವುದು ಸಹಜ. ನಮ್ಮ ಸಭೆ ಸಮಾರಂಭಗಳಲ್ಲಿಯೂ ಯುವಕರಿಗೆ ಕುಳಿತು ಕೇಳುವ ಸ್ಥಾನವಿದೆ, ಎದ್ದುನಿಂತು ಕೇಳುವ ಸ್ಥಾನ ಬಹಳ ಕಡಿಮೆ. ಉಪದೇಶವನ್ನು ನಾವು ಧಾರಾಳವಾಗಿ ದಾಸೋಹ ಮಾಡುತ್ತೇವೆ, ಕಿವಿಯನ್ನು ದಾಸೋಹ ಮಾಡುವವರು ವಿರಳ. ಮನೆಯಲ್ಲಿ ದೊರೆಯದ ಕಿವಿಯನ್ನು ಮಗುವು ಹೊರಗೆ ಹುಡುಕಿದರೆ ಮಗುವನ್ನು ಹಳಿಯುವಂತಿಲ್ಲ.

ಕೂಲಿ ಪಡೆಯುವುದೂ ದೋಷವಲ್ಲ. ಶ್ರದ್ಧೆಯಿಂದ ಮಾಡಿದ ಕಾಯಕಕ್ಕೆ ತಕ್ಕ ಪ್ರತಿಫಲವನ್ನು ಶರಣರು ನಿಷೇಧಿಸಲಿಲ್ಲ, ಮಿತಿಯನ್ನು ಮಾತ್ರ ತೋರಿಸಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಹುಡುಗನು ತನ್ನ ಕಾಲ ಮೇಲೆ ನಿಂತ ಬಳಿಕವೂ ‘ಇನ್ನೂ ಹತ್ತು ಭೇಟಿ ಬೇಕು’ ಎನ್ನುವ ತರಬೇತುದಾರನು ಆ ಹೆಚ್ಚಿನ ಅಕ್ಕಿಯನ್ನು ಹೊತ್ತವನೇ ಸರಿ. ‘ನನ್ನ ಅಗತ್ಯ ನಿನಗಿನ್ನು ಇಲ್ಲ’ ಎಂದು ಸಂತೋಷದಿಂದ ಹೇಳಬಲ್ಲವನು ಈ ಕಾಯಕಕ್ಕೆ ಅರ್ಹ.

ಅರ್ಹತೆಯ ಮಾತು ಬಂದಾಗ ಪಾಲಕರು ಒಂದು ಕಟುಸತ್ಯವನ್ನು ಅರಿತಿರಬೇಕು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಬೇಕಾದರೆ 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಮನೋವೈದ್ಯರಾಗಲು ವೈದ್ಯಕೀಯ ಪದವಿ ಬೇಕು. ಲೈಫ್ ಕೋಚ್ ಎಂಬ ಫಲಕ ತೂಗುಹಾಕಲು ಇಂಥ ಯಾವ ಕಾನೂನಿನ ಕಾವಲೂ ಇಲ್ಲ. ವಾರಾಂತ್ಯದ ಶಿಬಿರವೊಂದನ್ನು ಮುಗಿಸಿದವರೂ ಆ ಹೆಸರನ್ನು ಹಾಕಿಕೊಳ್ಳಬಹುದು. ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಮೂರು ಹಂತದ ಮಾನ್ಯತೆಗೆ ಕ್ರಮವಾಗಿ 100, 500 ಮತ್ತು 2,500 ಗಂಟೆಗಳ ಪ್ರತ್ಯಕ್ಷ ಅನುಭವವನ್ನು ಕೇಳುತ್ತದೆ. ಆದರೆ ಆ ಮಾನ್ಯತೆ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು. ಹೀಗಾಗಿ ಪರೀಕ್ಷಿಸಿ ನೋಡುವ ಹೊಣೆ ಸಂಪೂರ್ಣವಾಗಿ ಪಾಲಕರ ಮೇಲೆಯೇ ಬೀಳುತ್ತದೆ.

ಇದು ಬರಿಯ ಹಣದ ಪ್ರಶ್ನೆಯಾಗಿದ್ದರೆ ಇಷ್ಟು ಎಚ್ಚರಿಕೆ ಬೇಕಿರಲಿಲ್ಲ. ಮಾನಸಿಕ ಅಸ್ವಸ್ಥತೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷ ತುಂಬುವ ಮೊದಲೇ ತಲೆದೋರುತ್ತವೆ ಎಂಬುದು ವೈದ್ಯಲೋಕದ ತಿಳಿವಳಿಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನೀಡಿದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ದಿನವೊಂದಕ್ಕೆ 35ಕ್ಕೂ ಹೆಚ್ಚು ಮನೆಗಳ ದೀಪ! ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಊಟ ಸೇರದಿರುವುದು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡವಾಗುವುದು, ಗೆಳೆಯರಿಂದ ದೂರ ಸರಿಯುವುದು, ‘ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು’ ಎಂಬಂಥ ಮಾತಾಡುವುದು: ಇವು ಗುರಿಯಿಲ್ಲದವನ ಸೋಮಾರಿತನದ ಗುರುತುಗಳಲ್ಲ. ಇಂಥ ಮಗುವನ್ನು ತರಬೇತುದಾರನ ಬಳಿ ಕೂಡಿಸಿ ದಿನಚರಿಯ ಪಟ್ಟಿ ಬರೆಯಿಸುವುದು, ಜ್ವರ ಬಂದವನಿಗೆ ಓಟದ ತರಬೇತಿ ಕೊಟ್ಟಂತೆ. ಇಲ್ಲಿ ಬೇಕಾದವರು ವೈದ್ಯರು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಆಧಾರ. 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆ ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರಬೇಕು. ತನ್ನ ಮಿತಿಯನ್ನು ಅರಿತು ‘ಇದು ನನ್ನ ಕೆಲಸವಲ್ಲ, ವೈದ್ಯರನ್ನು ಕಾಣಿ’ ಎಂದು ಮೊದಲ ಭೇಟಿಯಲ್ಲಿಯೇ ಹೇಳುವ ತರಬೇತುದಾರನು ಒಂದು ಜೀವವನ್ನು ಉಳಿಸಿದಂತೆ. ‘ಔಷಧವೆಲ್ಲ ಬೇಡ, ನಾನೇ ಸರಿಪಡಿಸುತ್ತೇನೆ’ ಎನ್ನುವವನ ಬಾಗಿಲನ್ನು ಮರಳಿ ತುಳಿಯಬೇಡಿ.

ಹಾಗಾದರೆ ಪಾಲಕರು ಏನನ್ನು ಪರೀಕ್ಷಿಸಬೇಕು? ಮೊದಲನೆಯದಾಗಿ, ಎಲ್ಲಿ, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ಕಲಿತರೆಂದು ಕೇಳಿರಿ. ಹದಿಹರೆಯದವರೊಡನೆ ಕೆಲಸ ಮಾಡಿದ ಅನುಭವವಿದೆಯೇ ಎಂಬುದನ್ನು ವಿಶೇಷವಾಗಿ ಕೇಳಿರಿ. ಎರಡನೆಯದಾಗಿ, ಮಗುವಿನ ಮಾತುಗಳನ್ನು ಹೇಗೆ ಗೋಪ್ಯವಾಗಿಡುವಿರಿ, ಯಾವ ಸಂದರ್ಭದಲ್ಲಿ ನಮಗೆ ತಿಳಿಸುವಿರಿ, ಯಾವಾಗ ವೈದ್ಯರ ಬಳಿಗೆ ಕಳುಹಿಸುವಿರಿ ಎಂದು ಕೇಳಿರಿ. ಇದಕ್ಕೆ ಸ್ಪಷ್ಟವಾದ ಉತ್ತರವಿಲ್ಲದವರನ್ನು ಬಿಟ್ಟುಬಿಡಿ. ಮೂರನೆಯದಾಗಿ, ಇಂತಿಷ್ಟು ದಿನಗಳಲ್ಲಿ ಫಲಿತಾಂಶವೆಂದು ಭರವಸೆ ಕೊಡುವವರನ್ನು, ಪೂರ್ತಿ ಹಣವನ್ನು ಮುಂಗಡವಾಗಿ ಕೇಳುವವರನ್ನು ದೂರವಿಡಿ. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ಮಗುವನ್ನೇ ಕೇಳಿರಿ. ‘ಇವರೊಡನೆ ಮಾತಾಡಲು ನಿನಗೆ ಇಷ್ಟವಿದೆಯೇನಪ್ಪಾ? ಇಷ್ಟವಿದೆಯೇನವ್ವಾ?’ ಅದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಗೌರವಿಸುವುದೇ ನಿಮ್ಮ ಮಗುವಿಗೆ ದೊರೆಯುವ ಮೊದಲ ಮಾರ್ಗದರ್ಶನ.

ಶುಲ್ಕ ಕೊಡಲಾರದ ಮನೆಗಳ ಮಕ್ಕಳ ಗತಿಯೇನು? ಲೈಫ್ ಕೋಚ್‌ನ ಹೆಸರನ್ನೇ ಕೇಳದ, ಆದರೆ ಅದೇ ಗೊಂದಲದಲ್ಲಿ ಬೇಯುತ್ತಿರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಅಸಂಖ್ಯಾತರಿದ್ದಾರೆ. ಇಲ್ಲಿಯೇ ಮಠಗಳ ಹೊಣೆಗಾರಿಕೆ ಎದ್ದು ನಿಲ್ಲುತ್ತದೆ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಮೊದಲಾದ ಪೂಜ್ಯರ ತಪಸ್ಸಿನಿಂದ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ಈ ನಾಡಿನಲ್ಲಿ ಬೇರೂರಿತು. ಪ್ರಸಾದನಿಲಯಗಳಲ್ಲಿ ಉಂಡು ಓದಿದ ಸಾವಿರಾರು ಮಕ್ಕಳು ಬಾಳಿನಲ್ಲಿ ಮೇಲೆ ಬಂದರು. ಅಂದಿನ ಹಸಿವು ಹೊಟ್ಟೆಯದಾಗಿತ್ತು. ಇಂದಿನ ಮಕ್ಕಳಿಗೆ ತಟ್ಟೆ ತುಂಬ ಪ್ರಸಾದವಿದ್ದರೂ ಮಾತಿಗೆ ಕಿವಿಯಿಲ್ಲದ ಹಸಿವು ಕಾಡುತ್ತಿದೆ. ಮೂರು ದಾಸೋಹಗಳ ಸಾಲಿಗೆ ಆಲಿಕೆಯ ದಾಸೋಹವನ್ನೂ ಸೇರಿಸುವ ಕಾಲ ಬಂದಿದೆ.

ಇದಕ್ಕೆ ದಾರಿಗಳೂ ಸಿದ್ಧವಾಗಿಯೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿಯೇ ತನ್ನನ್ನು ತಾನರಿಯುವುದು, ಪರರ ನೋವನ್ನು ಅರಿಯುವುದು, ನಿರ್ಧಾರ ಕೈಗೊಳ್ಳುವುದು, ಒತ್ತಡವನ್ನು ನಿಭಾಯಿಸುವುದು ಮೊದಲಾದ ಹತ್ತು ಜೀವನ ಕೌಶಲಗಳನ್ನು ಪಟ್ಟಿಮಾಡಿತು. ಅವುಗಳನ್ನು ಆಧರಿಸಿ ನಿಮ್ಹಾನ್ಸ್ ಶಾಲಾ ಮಕ್ಕಳಿಗಾಗಿ ಒಂದು ಕ್ರಮವನ್ನು ರೂಪಿಸಿದೆ. ಶಾಲೆಯ ಶಿಕ್ಷಕರೇ ತರಬೇತಿ ಪಡೆದು, ಭಾಷಣ ಬಿಟ್ಟು ಚಟುವಟಿಕೆ ಮತ್ತು ಚರ್ಚೆಗಳ ಮೂಲಕ ಇದನ್ನು ನಡೆಸಿಕೊಡುವರು. ನಮ್ಮ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಸಹಯೋಗದಲ್ಲಿ ‘ಯುವ ಸ್ಪಂದನ’ ಎಂಬ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ತರಬೇತಿ ಪಡೆದ ಯುವಕರೇ ಯುವಕರಿಗೆ ಮಾರ್ಗದರ್ಶನ ನೀಡುವರು. ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ, ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ನಿರ್ದೇಶಿಸಿದೆ. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕೆಂದೂ ಹೇಳಿದೆ. ಈ ನಿರ್ದೇಶನಗಳು ವಸತಿ ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಅನ್ವಯಿಸುತ್ತವೆ. ಮಠಗಳ ಆಶ್ರಯದ ಪ್ರಸಾದನಿಲಯಗಳು ಇದನ್ನು ಸರ್ಕಾರದ ಕಟ್ಟಳೆಯೆಂದು ಅಳುಕಿ ಪಾಲಿಸದೆ, ತಮ್ಮದೇ ದಾಸೋಹದ ಮುಂದುವರಿಕೆಯೆಂದು ಸಂತೋಷದಿಂದ ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಪ್ರಾರ್ಥನೆ.

ಸಣ್ಣ ಆರಂಭವೇ ಸಾಕು. ನಿವೃತ್ತ ಶಿಕ್ಷಕರು, ದಾದಿಯರು, ಬ್ಯಾಂಕಿನ ನೌಕರರು, ಕೃಷಿಕರು, ಬಡಗಿಗಳು ನಮ್ಮ ಭಕ್ತವೃಂದದಲ್ಲಿ ಇದ್ದೇ ಇದ್ದಾರೆ. ವಾರಕ್ಕೊಂದು ಸಂಜೆ, ಆಪ್ತಸಮಾಲೋಚಕರ ಮೇಲ್ವಿಚಾರಣೆಯಲ್ಲಿ, ಪ್ರಸಾದನಿಲಯದ ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು ಮಕ್ಕಳ ಮಾತನ್ನು ಆಲಿಸಲಿ. ಒಂದೇ ನಿಯಮ: ಮೊದಲ ಅರ್ಧ ಗಂಟೆ ಹಿರಿಯರು ಉಪದೇಶ ಮಾಡಕೂಡದು. ಈ ನಿಯಮ ಎಷ್ಟು ಕಠಿಣವೆಂಬುದು ಪಾಲಿಸಲು ಹೊರಟಾಗ ತಿಳಿಯುತ್ತದೆ.

ಇನ್ನು ಈ ಬರಹವನ್ನು ಓದುತ್ತಿರುವ ತರುಣ ತರುಣಿಯರಲ್ಲಿ ಎರಡು ಮಾತು. ನಿಮಗೆ ಗುರಿ ಇನ್ನೂ ಕಾಣುತ್ತಿಲ್ಲವೆಂದರೆ ನೀವು ಕೆಟ್ಟವರಲ್ಲ, ಹಿಂದುಳಿದವರೂ ಅಲ್ಲ. ಮುಂದಾಲೋಚಿಸಿ ನಿರ್ಧರಿಸುವ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆಂದು ವಿಜ್ಞಾನ ಹೇಳುತ್ತದೆ. ಹದಿನೇಳರಲ್ಲಿ ಇಡೀ ಬಾಳಿನ ನಕಾಶೆ ಕೈಯಲ್ಲಿರಬೇಕೆಂದು ಬಯಸುವುದೇ ಅನ್ಯಾಯ. ಅಲ್ಲಿಯವರೆಗೆ ಕೈಗೆ ಬಂದ ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿ ನೋಡಿ. ಯಾವ ಕೆಲಸದಲ್ಲಿ ಹೊತ್ತು ಹೋದುದೇ ತಿಳಿಯುವುದಿಲ್ಲವೋ ಅದನ್ನು ಗುರುತಿಟ್ಟುಕೊಳ್ಳಿ. ಕಾಯಕದಿಂದಲೇ ಅರಿವು ಮೂಡುತ್ತದೆಂಬುದು ಶರಣರ ಮಾರ್ಗ. ತರಬೇತುದಾರರ ಬಳಿಗೆ ಹೋಗುವ ಅವಕಾಶ ದೊರೆತರೆ ಸಂಕೋಚವಿಲ್ಲದೆ ಹೋಗಿರಿ, ಆದರೆ ನಿಮ್ಮ ಉತ್ತರವನ್ನು ಅವರಿಂದ ಕೊಳ್ಳಬೇಡಿ. ಅವರು ಕೇಳುವ ಪ್ರಶ್ನೆಯನ್ನು ಮನೆಗೆ ಒಯ್ದು, ಅದರೊಡನೆ ನಾಲ್ಕು ದಿನ ಬಾಳಿರಿ. ಎದೆ ಭಾರವಾಗಿ ದಾರಿಯೇ ಕಾಣದಾದ ದಿನ ಒಬ್ಬರೇ ಹೊರಬೇಡಿ. ತಂದೆತಾಯಿಗೆ ಹೇಳಲಾಗದಿದ್ದರೆ ಸೋದರಮಾವನಿಗೆ ಹೇಳಿ, ಶಿಕ್ಷಕಿಗೆ ಹೇಳಿ, ಗೆಳೆಯನಿಗೆ ಹೇಳಿ, 14416ಕ್ಕೆ ಕರೆ ಮಾಡಿ.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗುವಿಗೆ ತರಬೇತುದಾರ ಬೇಕೋ ಬೇಡವೋ ಎಂಬುದನ್ನು ನಾಳೆ ನಿರ್ಧರಿಸಿರಿ. ಇಂದು ರಾತ್ರಿ ಪ್ರಸಾದದ ಬಳಿಕ ಟಿವಿಯನ್ನೂ ಮೊಬೈಲನ್ನೂ ಬದಿಗಿಟ್ಟು, ಅಂಕಗಳ ಮಾತನ್ನು ಎತ್ತದೆ, ‘ನಿನ್ನ ಮನಸ್ಸಿನಲ್ಲೇನಿದೆ?’ ಎಂದು ಕೇಳಿರಿ. ಆಮೇಲೆ ಸುಮ್ಮನೆ ಕೇಳಿರಿ.